ಲಯನ್ಸ್ ಯಾವತ್ತೂ ಗೆದ್ದಿಲ್ಲ ಅನ್ನುವವರಿಗೆ

ಅಮೆರಿಕನ್ ಫುಟ್‌ಬಾಲ್‌ನ ಈಗಿನ ಫೈನಲ್ ಸೂಪರ್ ಬೌಲ್ ಹತ್ತಿರ ಬಂತು ಅಂದರೆ ಒಂದು ಮಾತು ಕೇಳಿ ಕೇಳಿ ನನಗೆ ತಲೆ ಕೆಡುತ್ತದೆ. ಮಿಷಿಗನ್‌ನ ತಂಡ ಡೆಟ್ರಾಯಿಟ್ ಲಯನ್ಸ್ ಒಂದು ಸಲವೂ ಚಾಂಪಿಯನ್ ಆಗಿಲ್ಲವಂತೆ. ಮಿಷಿಗನ್‌ನಲ್ಲೇ ಹತ್ತು ವರ್ಷದಿಂದ ಇರುವ ನಮ್ಮ ಕನ್ನಡದ ಹುಡುಗರೂ ಪುಳಿಯೋಗರೆ ತಿನ್ನುತ್ತಾ ಇದನ್ನೇ ಹೇಳುತ್ತಾರೆ.

ತಪ್ಪು ಸ್ವಾಮಿ. 1935, 1952, 1953, 1957. ನಾಲ್ಕು ಸಲ. ಸೂಪರ್ ಬೌಲ್ ಆಡಿಲ್ಲ ಅನ್ನಿ, ಒಪ್ಪುತ್ತೇನೆ. ಆದರೆ ಸೂಪರ್ ಬೌಲ್ ಶುರುವಾಗಿದ್ದೇ 1967ರ ಜನವರಿಯಲ್ಲಿ. ಈ ಆಟದ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ. ಸೂಪರ್ ಬೌಲ್ ಬರುವವರೆಗೆ ಎಲ್ಲರೂ ಸುಮ್ನೆ ಕೂತಿದ್ದರಾ?

ಇನ್ನೂ ತಮಾಷೆ ಅಂದರೆ, ಫೈನಲ್ ಅನ್ನೋದು ಹುಟ್ಟಿದ್ದರಲ್ಲಿ ಇದೇ ತಂಡದ ಪಾಲಿದೆ. ಮೊದಲು ಫೈನಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಮೇಲಿದ್ದವರು ಚಾಂಪಿಯನ್, ಅಷ್ಟೇ. 1932ರಲ್ಲಿ ಶಿಕಾಗೊ ಬೇರ್ಸ್ ಮತ್ತು ಓಹಾಯೊದ ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಸಮ ಆದರು. ಹಾಗಾದರೆ ಇನ್ನೊಂದು ಪಂದ್ಯ ಆಡಿ ಅಂದರು. ಡಿಸೆಂಬರ್ ತಿಂಗಳು, ಶಿಕಾಗೊ, ಮೊಣಕಾಲು ಹೂತುಹೋಗುವ ಹಿಮ. ಕೊನೆಗೆ ಆಟವನ್ನು ಶಿಕಾಗೊ ಸ್ಟೇಡಿಯಂ ಅನ್ನುವ ಚಾವಣಿಯ ಕೆಳಗೆ ತಂದರು. ಅಲ್ಲಿ ಅದಕ್ಕೆ ಮುಂಚೆ ಸರ್ಕಸ್ ನಡೆದಿತ್ತು. ಅದಕ್ಕೆ ಹಾಸಿದ್ದ ಮಣ್ಣು ಹಾಗೇ ಇತ್ತು, ವಾಸನೆ ಸಮೇತ! ಮೈದಾನದ ಉದ್ದ ಬರೀ 80 ಗಜ. ಪಕ್ಕದಲ್ಲೇ ಗೋಡೆ. ಅದಕ್ಕೇ ಅಂಚಿಗೆ ಹೋದ ಚೆಂಡನ್ನು ಒಳಕ್ಕೆ ತಂದಿಟ್ಟು ಆಡಿಸಿದರು. ಸ್ಪಾರ್ಟನ್ಸ್‌ನ ದೊಡ್ಡ ಆಟಗಾರ ಡಚ್ ಕ್ಲಾರ್ಕ್ ಬರಲೇ ಇಲ್ಲ. ಕೊಲರಾಡೊದ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಕೆಲಸ ಇತ್ತಂತೆ. ಆಗಿನ ಕಾಲ ಹಾಗಿತ್ತು.

ಬೇರ್ಸ್ 9-0 ಗೆದ್ದರು. ಬೇರ್ಸ್‌ನ ಬ್ರಾಂಕೊ ನಗುರ್ಸ್ಕಿ ಎಸೆದ ಪಾಸ್ ನಿಯಮದ ಪ್ರಕಾರ ಇರಲಿಲ್ಲ ಅಂತ ಸ್ಪಾರ್ಟನ್ಸ್ ಜಗಳ ತೆಗೆದರು. ಪ್ರಯೋಜನ ಆಗಲಿಲ್ಲ. ಆದರೆ ಮರುವರ್ಷ ಪಾಸ್ ನಿಯಮವೇ ಬದಲಾಯಿತು. ಚೆಂಡನ್ನು ಒಳಕ್ಕೆ ತರುವುದೂ ನಿಯಮ ಆಯಿತು. ಲೀಗ್ ಎರಡು ಭಾಗವಾಗಿ, ವರ್ಷಕ್ಕೊಂದು ಫೈನಲ್ ಬಂತು. ಸೋತ ಸ್ಪಾರ್ಟನ್ಸ್ 1934ರಲ್ಲಿ ಊರು ಬದಲಿಸಿದರು. ಹೊಸ ಹೆಸರು? ಡೆಟ್ರಾಯಿಟ್ ಲಯನ್ಸ್.

ಮೊದಲ ಸೂಪರ್ ಬೌಲ್ ಬಗ್ಗೆ ದೊಡ್ಡದಾಗಿ ಮಾತಾಡುತ್ತಾರಲ್ವಾ? ಲಾಸ್ ಏಂಜಲೀಸ್‌ನಲ್ಲಿ ಆವತ್ತು ಸುಮಾರು ಮೂರನೇ ಒಂದು ಭಾಗ ಸೀಟು ಖಾಲಿ. ಎರಡು ಚಾನೆಲ್ ಪ್ರಸಾರ ಮಾಡಿದವು, ಎರಡೂ ಟೇಪ್ ಉಳಿಸಿಕೊಳ್ಳಲಿಲ್ಲ. ಆಗ ಇಲ್ಲದ ಮಹತ್ವ ಆಮೇಲೆ ಟಿವಿ ದುಡ್ಡಿನ ಜೊತೆ ಬಂದದ್ದು. ಗ್ರೀನ್ ಬೇ ಪ್ಯಾಕರ್ಸ್ ತಂಡದ ಒಟ್ಟು 13 ಪಟ್ಟಗಳಲ್ಲಿ 9 ಸೂಪರ್ ಬೌಲ್‌ಗೂ ಹಿಂದಿನವು. ಅವರು ಅದನ್ನು ಬಿಟ್ಟುಕೊಡುತ್ತಾರಾ? ಕೇಳಿ ನೋಡಿ!

ನನಗೆ ಜಾಸ್ತಿ ಇಷ್ಟ 1957. ಲಯನ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯುವವ, ಬಾಬಿ ಲೇನ್ ಕಾಲು ಮುರಿದುಕೊಂಡು ಹೊರಗೆ. ಬದಲಿಗೆ ಟೋಬಿನ್ ರೋಟ್. ಫೈನಲ್‌ಗೆ ಹೋಗಲು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ಲೇಆಫ್, ಅರ್ಧ ಆಟಕ್ಕೆ ಅಲ್ಲಿನ ತಂಡ ಫಾರ್ಟಿನೈನರ್ಸ್ 24-7 ಮುಂದೆ. ಅವರ ಸಂಭ್ರಮ ಗೋಡೆಯಾಚೆ ಲಯನ್ಸ್ ಕೋಣೆಗೇ ಕೇಳಿಸುತ್ತಿತ್ತಂತೆ. ಲಯನ್ಸ್ 31-27 ಗೆದ್ದು ಬಂದರು. ಮುಂದಿನ ವಾರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 59-14 ಸೋಲಿಸಿದರು!

2024ರ ಜನವರಿಯಲ್ಲಿ ಮತ್ತೆ ಲಯನ್ಸ್ ಮತ್ತು ಫಾರ್ಟಿನೈನರ್ಸ್. ಗೆದ್ದವರಿಗೆ ಸೂಪರ್ ಬೌಲ್. ಅರ್ಧ ಆಟಕ್ಕೆ ಮತ್ತೆ 24-7, ಈ ಸಲ ಲಯನ್ಸ್ ಮುಂದೆ. ಮನೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರು. 1957 ಗೊತ್ತಿದ್ದ ನಾನೊಬ್ಬ ಮಾತ್ರ ಬಾಯಿ ಮುಚ್ಚಿಕೊಂಡು ಕೂತಿದ್ದೆ. 34-31 ಸೋತರು.