ಎಕ್ಸಾಮ್ 2 ಬರೆದ್ರೆ ಮೊದಲ ಮಾರ್ಕ್ಸ್ ಹೋಗಲ್ಲ

ಎಸ್ಸೆಸ್ಸೆಲ್ಸಿ ಎಕ್ಸಾಮ್ 2, ಅಂದ್ರೆ ಅದೇ ವರ್ಷ ಎರಡನೇ ಸಲ ಬರೆಯೋ ಪರೀಕ್ಷೆ ಬಗ್ಗೆ ಪೇರೆಂಟ್ಸ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, "ಎಕ್ಸಾಮ್ 2 ಬರೆದ್ರೆ ಎಕ್ಸಾಮ್ 1 ಮಾರ್ಕ್ಸ್ ಕ್ಯಾನ್ಸಲ್, ಮಾರ್ಕ್ಸ್ ಕಾರ್ಡಲ್ಲಿ ಸಪ್ಲಿಮೆಂಟರಿ ಅಂತ ಬೀಳುತ್ತೆ" ಅಂತ. ಇದು ಸುಳ್ಳು, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.

ಪೂರಕ ಪರೀಕ್ಷೆ ಅನ್ನೋ ಹೆಸರನ್ನೇ ಪರೀಕ್ಷಾ ಮಂಡಳಿ 2023-24ರಲ್ಲಿ ತೆಗೆದು ಹಾಕಿ ಎಕ್ಸಾಮ್ 1, 2, 3 ಅನ್ನೋ ಪದ್ಧತಿ ತಂತು, ಮಕ್ಕಳಿಗೆ ಆ ಹಣೆಪಟ್ಟಿ ಬೇಡ ಅಂತಾನೇ. ಬರೆದಿದ್ರಲ್ಲಿ ಯಾವ್ದು ಜಾಸ್ತಿಯೋ ಅದೇ ಉಳಿಯುತ್ತೆ, ಅದೂ ಸಬ್ಜೆಕ್ಟ್‌ವಾರು. ಈಗ ಗಣಿತದಲ್ಲಿ ಮೊದಲು 52 ಬಂದಿತ್ತು ಅನ್ಕೊಳ್ಳಿ, ಎರಡನೇ ಸಲ 44 ಬಂದ್ರೂ 52 ಎಲ್ಲೂ ಹೋಗಲ್ಲ, 61 ಬಂದ್ರೆ 61 ಸಿಗುತ್ತೆ, ಬೇರೆ ಸಬ್ಜೆಕ್ಟ್ ಮಾರ್ಕ್ಸ್‌ಗೆ ಏನೂ ಆಗಲ್ಲ.

ಫೇಲಾದವ್ರು ಮಾತ್ರ ಅಲ್ಲ, ಪಾಸಾಗಿ ಮಾರ್ಕ್ಸ್ ಸಾಲ್ದು ಅನ್ಸಿದವ್ರೂ ಬರೀಬಹುದು. ಈ ಮೆಸೇಜ್ ನಂಬಿ ಹೆದರಿಕೊಂಡು ಮಗು ಸುಮ್ನೆ ಕೂತ್ಬಿಟ್ರೆ ಒಳ್ಳೆ ಅವಕಾಶ ಹೋಯ್ತಲ್ವಾ, ನಂಗೆ ಬೇಜಾರಾಗೋದು ಅದಕ್ಕೇ.

ರಿಜಿಸ್ಟ್ರೇಷನ್ ಶಾಲೆ ಮೂಲಕಾನೇ ಆಗೋದು, ರಿಸಲ್ಟ್ ಬಂದ್ಮೇಲೆ ಟೈಮ್ ಕಮ್ಮಿ ಇರುತ್ತೆ. ಕೊನೆ ದಿನಾಂಕ, ಫೀಸು ಎಲ್ಲಾ ಹೆಡ್‌ಮಾಸ್ಟರ್ ಹತ್ರಾನೇ ಕೇಳಿ, ಗ್ರೂಪಲ್ಲಿ ಬೇಡ.