ಪೆಸ್ಟರ್ ಪುರಾಣ

"ಡೋಂಟ್ ಈಟ್ ಮೈ ಹೆಡ್" ಎಂದು ಇಂಗ್ಲಿಷ್ ಮಾತೃಭಾಷೆಯವನೊಬ್ಬನಿಗೆ ಹೇಳಿ ನೋಡಿ. ನಿಮ್ಮ ತಲೆ ಇದ್ದಲ್ಲೇ ಇದೆಯಲ್ಲ, ನಾನೇನು ತಿಂದೆ ಎಂದು ಕಕ್ಕಾಬಿಕ್ಕಿಯಾಗುತ್ತಾನೆ. ತಪ್ಪು ಅವನದಲ್ಲ. ನಮ್ಮಲ್ಲಿ ಪೀಡಿಸುವವನು ತಲೆ ತಿನ್ನುತ್ತಾನೆ, ಪ್ರಾಣ ತಿನ್ನುತ್ತಾನೆ, ಜೀವ ಹಿಂಡುತ್ತಾನೆ, ಗೋಳು ಹೊಯ್ದುಕೊಳ್ಳುತ್ತಾನೆ, ದುಂಬಾಲು ಬೀಳುತ್ತಾನೆ. ಮಂಗಳೂರು ಕಡೆ ಇಷ್ಟೆಲ್ಲ ಕೆಲಸವನ್ನು "ಉಪದ್ರ" ಒಂದೇ ನಿಭಾಯಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಹತ್ತಿರದ ಕ್ರಿಯಾಪದ ಪೆಸ್ಟರ್.

ಕನ್ನಡದಲ್ಲಿ ಅದನ್ನು ಬಳಸುವುದು ಸಲೀಸು. ಬಾಲಕ್ಕೆ "ಮಾಡು" ಅಂಟಿಸಿದರಾಯಿತು: ಪೆಸ್ಟರ್ ಮಾಡ್ತಾನೆ, ಪೆಸ್ಟರ್ ಮಾಡ್ಬೇಡ. ಅದೇ ಪದವನ್ನು ವಾಪಸ್ ಇಂಗ್ಲಿಷಿಗೆ ಕಳಿಸುವಾಗ ಈ ಮಾಡು ಕೂಡ ಟಿಕೆಟ್ ಇಲ್ಲದೆ ಹತ್ತಿಕೊಳ್ಳುತ್ತದೆ. "ಹಿ ಈಸ್ ಡೂಯಿಂಗ್ ಪೆಸ್ಟರ್" ಹುಟ್ಟುವುದು ಹಾಗೆ. ಅದಕ್ಕಿಂತ ದೊಡ್ಡ ಕಳ್ಳ "ಗೆ" ಪ್ರತ್ಯಯ. ನಾವು "ನನಗೆ ಕಾಟ ಕೊಟ್ಟ" ಅನ್ನುತ್ತೇವಲ್ಲ, ಆ "ಗೆ" ಹೋಗಿ "ಪೆಸ್ಟರ್ಡ್ ಟು ಮಿ" ಆಗಿ ಕೂರುತ್ತದೆ. ಪರಿಹಾರ ಸುಲಭ. ಕಾಟ ಕೊಡುವುದನ್ನು ಮರೆತು "ಕಾಡು" ಎಂಬ ಕ್ರಿಯಾಪದವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. "ನನ್ನನ್ನು ಕಾಡಿದ." ಟು, ಆನ್, ಅಟ್ ಯಾವುದೂ ಬೇಕಿಲ್ಲ: "ಪೆಸ್ಟರ್ಡ್ ಮಿ."

ಮಿಕ್ಕದ್ದನ್ನು ಕಲಿಯಲು ಬಸವನಗುಡಿಯ ಕಡಲೆಕಾಯಿ ಪರಿಷೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆ. ಅಪ್ಪ ಸೇರಿಗೆಷ್ಟು ಎಂದು ಚೌಕಾಸಿಗೆ ನಿಂತಿದ್ದಾನೆ. ಮಗ ಪಂಚೆ ಹಿಡಿದಿದ್ದಾನೆ.

"ಅಪ್ಪಾ, ಪೀಪಿ."

"ಆಮೇಲೆ."

"ಅಪ್ಪಾ, ಪೀಪಿ ಕೊಡ್ಸಪ್ಪಾ."

"ಮನೇಲಿ ಒಂದಿದೆಯಲ್ಲೋ."

"ಅದು ಒಡೆದೋಗಿದೆ. ಆಮೇಲೆ ಅಂದ್ರೆ ಎಷ್ಟೊತ್ತಿಗೆ? ಯಾಕೆ ಈಗ್ಲೇ ಬೇಡ? ನಿನ್ನತ್ರ ದುಡ್ಡಿಲ್ವಾ?"

ಕೊನೆಯ ಪ್ರಶ್ನೆಗೆ ಕಡಲೆಕಾಯಿಯವಳೂ ಕತ್ತೆತ್ತಿ ನೋಡುತ್ತಾಳೆ. ಅಲ್ಲಿಗೆ ಪೀಪಿ ಮಗನ ಕೈಗೆ ಬಂತೆಂದೇ ಲೆಕ್ಕ.

ಈಗ ವ್ಯಾಕರಣ. ಬೇಕಾದ ವಸ್ತುವಿನ ಹಿಂದೆ "ಫಾರ್" ಬರುತ್ತದೆ: ಹಿ ಪೆಸ್ಟರ್ಡ್ ಹಿಸ್ ಫಾದರ್ ಫಾರ್ ಎ ಪೀಪಿ. ಆಯುಧದ ಹಿಂದೆ "ವಿತ್": ವಿತ್ ಕ್ವೆಶ್ಚನ್ಸ್. ಪ್ರಶ್ನೆಗಳಿಂದ ಕಾಡಿದ ಅನ್ನುವ ನಾವು ಇಲ್ಲಿ "ಬೈ" ಹಾಕಿ ಎಡವುತ್ತೇವೆ. ಮಾಡಿಸಬೇಕಾದ ಕೆಲಸದ ಹಿಂದೆ "ಟು": ಪೆಸ್ಟರ್ಡ್ ಹಿಮ್ ಟು ಬೈ ಇಟ್. ಕನ್ನಡದಲ್ಲಾದರೆ ಇದು "ಕೊಡಿಸು ಅಂತ ಕಾಡಿದ". ಅಪ್ಪ ಕೊಡಿಸಿದನೋ ಇಲ್ಲವೋ ವಾಕ್ಯಕ್ಕೆ ಗೊತ್ತಿಲ್ಲ. ಕೊಡಿಸಿಯೇಬಿಟ್ಟ ಎನ್ನಬೇಕಾದರೆ "ಇಂಟು" ಬರಬೇಕು: ಪೆಸ್ಟರ್ಡ್ ಹಿಮ್ ಇಂಟು ಬೈಯಿಂಗ್ ಇಟ್. ನಮ್ಮ "ಕಾಡಿಬೇಡಿ ತೆಗೆಸಿಕೊಂಡ" ಅನ್ನುವುದರ ಪೂರ್ತಿ ತೂಕ ಆ ಪುಟ್ಟ "ಇಂಟು"ವಿನಲ್ಲಿದೆ.

ಬರೆಯುವಾಗ ಕೊನೆಯ "ಆರ್" ಒಂದೇ ಸಾಕು. ಪ್ರಿಫರ್ಡ್‌ನಲ್ಲಿ ಒತ್ತು ಎರಡನೇ ಭಾಗದ ಮೇಲೆ ಬೀಳುವುದರಿಂದ ಎರಡು "ಆರ್". ಪೆಸ್ಟರ್‌ನಲ್ಲಿ ಒತ್ತು ಮೊದಲಲ್ಲೇ ಮುಗಿಯುತ್ತದೆ. "ಪೆಸ್ಟೆಡ್" ಎಂಬುದೊಂದು ಆಗಾಗ ಕಿವಿಗೆ ಬೀಳುವುದುಂಟು. ಅಂಥ ಪದವಿಲ್ಲ. ಪೆಸ್ಟ್ ನಾಮಪದ; ನಮ್ಮ "ಪೀಡೆ" ಇದ್ದ ಹಾಗೆ ಕ್ರಿಮಿಗೂ ಸಲ್ಲುತ್ತದೆ, ನೆಂಟರಿಗೂ ಸಲ್ಲುತ್ತದೆ.

ತಮಾಷೆಯೆಂದರೆ ಪೆಸ್ಟ್‌ಗೂ ಪೆಸ್ಟರ್‌ಗೂ ಹುಟ್ಟಿನಿಂದ ಸಂಬಂಧವೇ ಇಲ್ಲ. ಪೆಸ್ಟ್ ಬಂದದ್ದು ಲ್ಯಾಟಿನ್ನಿನ ಪೆಸ್ಟಿಸ್‌ನಿಂದ, ಅಂದರೆ ಸಾಂಕ್ರಾಮಿಕ ಮಾರಿ. ಪೆಸ್ಟರ್ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನ ಕಡೆಯಿಂದ. ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಕಾಲಿಗೆ ಹಗ್ಗ ತೊಡರಿಸುವುದು ಅದರ ಮೂಲ ಅರ್ಥ. ಉಚ್ಚಾರ ಹತ್ತಿರವಿದ್ದದ್ದಕ್ಕೆ ಪೆಸ್ಟ್‌ನ ಬಣ್ಣ ಆಮೇಲೆ ಹತ್ತಿತು. ಪಂಚೆ ಹಿಡಿದು ಕಾಲಿಗೆ ತೊಡರಿಕೊಂಡ ಮಗ ನಿಜವಾಗಿ ಮೂಲಾರ್ಥಕ್ಕೆ ನಿಷ್ಠನಾಗಿಯೇ ಇದ್ದ.

"ಕಾಡು" ನೆಚ್ಚಿಕೊಳ್ಳಿ ಎಂದೆವಲ್ಲ, ಅದಕ್ಕೂ ಒಂದು ಬೇಲಿಯಿದೆ. ನೆನಪು ಕಾಡುತ್ತದೆ, ಬಡತನ ಕಾಡುತ್ತದೆ, ಸೊಂಟನೋವು ಕಾಡುತ್ತದೆ. ಇವು ಯಾವುವೂ ಪೆಸ್ಟರ್ ಮಾಡುವುದಿಲ್ಲ. ಅಗಲಿದ ನಲ್ಲೆಯ ನೆನಪು "ಈಸ್ ಪೆಸ್ಟರಿಂಗ್ ಮಿ" ಎಂದು ಭಾವಗೀತೆ ಅನುವಾದಿಸಿದರೆ, ನಲ್ಲೆ ಸಾಲ ವಸೂಲಿಗೆ ಬಂದಂತಿರುತ್ತದೆ. ನೆನಪಿಗೆ "ಹಾಂಟ್" ಸಾಕು. ಸೊಂಟನೋವಿಗೆ, ಬಿಡದ ಸಂಶಯಕ್ಕೆ "ನ್ಯಾಗಿಂಗ್". ನ್ಯಾಗ್ ಸ್ಕ್ಯಾಂಡಿನೇವಿಯದ ಕಡೆಯದು, ಮೂಲದಲ್ಲಿ ಕಡಿಯುವುದು, ಕೊರೆಯುವುದು. ನಮ್ಮ "ತಲೆ ಕೊರೆತ"ದ ಖಾಸಾ ದಾಯಾದಿ. ನೊಣ, ಸೊಳ್ಳೆಗಳು ಮಾತ್ರ ಏನೂ ಕೇಳದೆಯೂ ಪೆಸ್ಟರ್ ಮಾಡಬಹುದು, ಅವಕ್ಕೆ ವಿನಾಯಿತಿ.

ಮನುಷ್ಯರಿಗೆ ಮಾತ್ರ ಕೇಳಿದ್ದನ್ನೇ ಕೇಳಿದರಷ್ಟೇ ಆ ಪದವಿ. ಆಫೀಸಿನ ಮೇಲ್‌ಗಳಲ್ಲಿ ಮುಗ್ಗರಿಸುವುದು ಇಲ್ಲೇ. ಮೊದಲನೇ ಮೇಲ್‌ನಲ್ಲೇ "ಸಾರಿ ಟು ಪೆಸ್ಟರ್ ಯು ಸರ್" ಎಂದು ಬರೆದರೆ, ಹಿಂದಿನ ಮೂರು ಮೇಲ್ ಎಲ್ಲಿ ಹೋದವೆಂದು ಸಾಹೇಬರು ಸ್ಪ್ಯಾಮ್ ಫೋಲ್ಡರ್ ಕೆದಕುತ್ತಾರೆ. ಮೊದಲ ಸಲಕ್ಕೆ "ಬಾದರ್", ಮೂರನೆಯ ಸಲಕ್ಕೆ "ಪೆಸ್ಟರ್". ಇದನ್ನು ನಮ್ಮ ಬಗ್ಗೆ ನಾವು ಹೇಳಿಕೊಂಡರೆ ವಿನಯ. ಸಾಹೇಬರಿಗೆ "ಪ್ಲೀಸ್ ಡೋಂಟ್ ಪೆಸ್ಟರ್ ಮಿ" ಅಂದರೆ "ಪ್ರಾಣ ತಿನ್ನಬೇಡಿ" ಅಂದಂತೆ; ಬಹುವಚನ ಹಚ್ಚಿದ ಮಾತ್ರಕ್ಕೆ ಉರಿ ತಣಿಯುವುದಿಲ್ಲ. ಇನ್ನು "ಹರಾಸ್" ಅನ್ನು ಕಂಡಕಂಡಲ್ಲಿ ಬಳಸಬೇಡಿ, ಅದು ಠಾಣೆಯ ಮೆಟ್ಟಿಲು ಹತ್ತುವ ಪದ. ಸೈಕಲ್ಲಿಗೆ ಹಠ ಹಿಡಿದ ಮಗಳ ಮೇಲೆ ಅದನ್ನು ಹಾಕಿದರೆ ಕೇಳಿದವರು ಕಂಗಾಲಾಗುತ್ತಾರೆ.

ಮೊಬೈಲ್ ಆ್ಯಪ್‌ಗಳಿಗೂ ಈ ಚಟ ಹತ್ತಿದೆ. ನೋಟಿಫಿಕೇಶನ್ ಆನ್ ಮಾಡು, ಲೊಕೇಶನ್ ಕೊಡು; "ಬೇಡ" ಎಂಬ ಗುಂಡಿಯೇ ಇಲ್ಲ, ಇರುವುದು "ಆಮೇಲೆ" ಮಾತ್ರ. ಪರಿಷೆಯ ಅಪ್ಪನೂ ಅದನ್ನೇ ಅಂದಿದ್ದ, ಏನಾಯಿತು ಗೊತ್ತಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಆನ್‌ಲೈನ್ ಕುತಂತ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿ "ನ್ಯಾಗಿಂಗ್" ಕೂಡ ಒಂದು.

ಮಗನಿಗೆ ಆ ನಿಯಮ ಅನ್ವಯಿಸುವುದಿಲ್ಲ. ಪೀಪಿ ಕೈಗೆ ಬಂದಿದೆ, ಕೇಳುವುದೇನೂ ಉಳಿದಿಲ್ಲ. ಹಾಗಾಗಿ ಪೆಸ್ಟರ್ ಕೂಡ ಅಲ್ಲಿಗೆ ಮುಗಿಯಿತು. ಬಸವನಗುಡಿಯಿಂದ ಮನೆಯವರೆಗೆ ಕಿಕ್ಕಿರಿದ ಬಸ್ಸಿನಲ್ಲಿ ಅವನು ಅದನ್ನು ಊದುತ್ತ ಬರುವುದಕ್ಕೆ ಬೇರೆಯೇ ಕ್ರಿಯಾಪದ ಬೇಕು. "ಟಾರ್ಚರ್" ಆಗಬಹುದು.