ಆಷಾಢದಲ್ಲಿ ಕರಾಟೆಗೆ ರಜೆಯಿಲ್ಲ

ಅಷ್ಟಾಂಗ ಯೋಗ ಕಲಿಯಬೇಕೆಂದು ದೇಶ ದೇಶಗಳಿಂದ ಜನ ಹುಡುಕಿಕೊಂಡು ಬರುವ ಮೈಸೂರಿನ ಗೋಕುಲಂನಲ್ಲೇ ಮನೆ ಮಾಡಿಕೊಂಡೂ ನೆಟ್ಟಗೆ ಒಂದು ಸೂರ್ಯನಮಸ್ಕಾರ ಹಾಕದವಳು ನಾನು. ಹಿತ್ತಲ ಗಿಡ ಮದ್ದಲ್ಲ. ವಾಕಿಂಗು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಶುರುವಾಗಿ, ದೋಸೆ ಹೋಟೆಲಿನ ಕಡೆ ತಿರುಗಿ, ಅಲ್ಲೇ ಕೂತುಬಿಟ್ಟಿತು. ಅಂಥವಳು ನಲವತ್ತು ದಾಟಿದ ಮೇಲೆ ಕರಾಟೆಗೆ ಸೇರಿ, ಇನ್ನೂ ಬಿಡದೆ ಹೋಗುತ್ತಿದ್ದೇನೆ ಅಂದರೆ ಅದಕ್ಕೆ ನನ್ನ ಛಲ ಕಾರಣ ಅಂತ ಯಾರೂ ತಿಳಿಯಬೇಡಿ. ಹಿಂದಿನ ಬೀದಿಯಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಅವನೇ ಕಾರಣ.

ಅವನದು ಹಸಿರು ಬೆಲ್ಟು, ನನ್ನದು ಬಿಳಿ. ಕರಾಟೆಯಲ್ಲಿ ವಯಸ್ಸಿಗಿಂತ ಬೆಲ್ಟು ದೊಡ್ಡದು. ಸಾಲಿನಲ್ಲಿ ಅವನು ಮುಂದೆ, ನಾನು ಹಿಂದೆ. ನಾನೇ ಬಗ್ಗಿ ‘ಓಸ್’ ಅನ್ನಬೇಕು. ಒಂದು ದಿನ ತಪ್ಪಿಸಿದೆನೋ, ಮಾರನೇ ಬೆಳಗ್ಗೆ ಗೇಟು ಹಿಡಿದು ನಿಂತು, ಇಡೀ ಬೀದಿಗೆ ಕೇಳುವಂತೆ, “ಆಂಟೀ, ನಿನ್ನೆ ಯಾಕ್ ಬರ್ಲಿಲ್ಲ?”

ಮಂಡಿನೋವು ಅಂದರೆ, “ಕಿಬಾ ದಾಚಿ ಮಾಡಿ, ಹೋಗತ್ತೆ.” ಕಿಬಾ ದಾಚಿ ಅಂದರೆ ಕುದುರೆ ಸವಾರನ ನಿಲುವು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲಬೇಕು. ಕುದುರೆ ಕೊಡುವುದಿಲ್ಲ. ಶೊಟೊಕಾನ್ ಶೈಲಿಯ ಮೂಲ ಗುರು ಗಿಚಿನ್ ಫುನಾಕೋಶಿ ಇದೇ ನಿಲುವಿನ ಮೂರು ತೆಕ್ಕಿ ಕಟಾಗಳನ್ನು, ಅಂದರೆ ಒಂದಾದ ಮೇಲೊಂದರಂತೆ ಕ್ರಮವಾಗಿ ಮಾಡುವ ಹೊಡೆತ-ತಡೆಗಳ ವರಸೆಗಳನ್ನು, ಕಲಿಯಲು ಹತ್ತು ವರ್ಷ ತೆಗೆದುಕೊಂಡರಂತೆ. ಓದಿ ಬಹಳ ಖುಷಿಯಾಗಿ ಹುಡುಗನಿಗೂ ಹೇಳಿದೆ: “ನಿಧಾನಕ್ಕೆ ಕಲಿಯೋಣ ಬಿಡಪ್ಪ.”

“ಅವ್ರು ದಿನಾ ಹೋಗ್ತಿದ್ರು ಆಂಟೀ” ಅಂದ.

ನಮ್ಮ ಕ್ಲಾಸು ನಡೆಯುವುದು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಮದುವೆಯಿದ್ದ ದಿನ ರಜೆ. ಹಾಗಾಗಿ ಒಂಟಿಕೊಪ್ಪಲ್ ಪಂಚಾಂಗವನ್ನು ನಾನು ಈಗ ಅತ್ತೆಗಿಂತ ಹೆಚ್ಚು ಭಕ್ತಿಯಿಂದ ನೋಡುತ್ತೇನೆ. ಮಾಘ, ವೈಶಾಖ ಸುಖವಾಗಿ ಕಳೆಯುತ್ತವೆ. ಆಷಾಢ ಬಂದರೆ ಕಷ್ಟ, ತಿಂಗಳಿಡೀ ಒಂದು ಮುಹೂರ್ತವಿಲ್ಲ! ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಕಾಲು ಹಿಡಿದುಕೊಂಡಿದೆ ಅಂತ ಒಮ್ಮೆ ನೆಪ ಹೇಳಿ ನೋಡಿದೆ. ಹುಡುಗನೂ ಹತ್ತಿದ್ದನಂತೆ. ಹತ್ತಿ, ಇಳಿದು, ಕ್ಲಾಸಿಗೂ ಬಂದಿದ್ದ.

ಅತ್ತೆಗೆ ಈ ಕರಾಟೆ ಮೊದಲಿನಿಂದಲೂ ಸರಿಬೀಳಲಿಲ್ಲ. “ವಿಜಯದಶಮಿ ದಿನ ಅರಮನೇಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡಲ್ವೇನೇ? ತಲೇಲಿ ಒಂದು ತೊಟ್ಟು ರಕ್ತ ಕಂಡ್ರೆ ಮುಗೀತು, ಮನೆಗೆ ಹೋಗ್ತಾರೆ. ನಿಮ್ಮದು ಮುಗಿಯೋದೇ ಇಲ್ವಲ್ಲ!” ಇಂಥ ಅತ್ತೆ ಒಂದು ದಿನ ಮಿಲ್ಲಿನಲ್ಲಿ ಅರಿಶಿನ ಪುಡಿ ಮಾಡಿಸಿಕೊಂಡು ಬಂದವರು, ಚೀಲದ ಬಾಯಿಗೆ ದಾರ ಸಿಗಲಿಲ್ಲವೆಂದು ನನ್ನ ಬೆಲ್ಟು ಬಿಗಿದುಬಿಟ್ಟರು. “ಗಟ್ಟಿಯಾಗಿದೆ ಕಣೇ. ಸುಮ್ನೆ ಬಿದ್ದಿತ್ತು.”

ಬಿಚ್ಚಿ ನೋಡಿದರೆ ಬೆಲ್ಟು ಹಳದಿ. ಬಿಳಿಯ ಮುಂದಿನ ಬಣ್ಣವೂ ಹಳದಿಯೇ; ಪರೀಕ್ಷೆ ಬರೆಯದೆ ಪಾಸಾದಂತಾಯಿತು. ಗಾಬರಿಯಲ್ಲಿ ಬಟ್ಟೆ ಸೋಪು ಹಚ್ಚಿ ಉಜ್ಜಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಆರತಿ ನೀರು ಕೆಂಪಾಗುತ್ತದಲ್ಲ, ಹಾಗೆ ಬೆಲ್ಟೂ ಕೆಂಪೇರಿತು. ಜೂಡೋದಲ್ಲಿ ಕೆಂಪು ಬೆಲ್ಟು ಕಟ್ಟುವವರು ಒಂಬತ್ತು, ಹತ್ತನೇ ಡಾನ್ ದರ್ಜೆಗೇರಿದ ಮಹಾಗುರುಗಳು. ಜೀವಮಾನವಿಡೀ ಸವೆಸಿದರೂ ಎಷ್ಟೋ ಜನಕ್ಕೆ ಸಿಗದ್ದು ನನಗೆ ಬಚ್ಚಲಲ್ಲಿ ಸಿಕ್ಕಿತ್ತು. ಜಾಲಾಡಿಸಿ ಮಹಡಿಯ ಬಿಸಿಲಿಗೆ ಹಾಕಿದ ಮೇಲೆ ಪದವಿ ಇಳಿಯುತ್ತ ಇಳಿಯುತ್ತ ಮಾಸಲು ಹಳದಿಗೆ ಬಂದು ನಿಂತಿತು.

ಅದನ್ನೇ ಕಟ್ಟಿಕೊಂಡು ಕ್ಲಾಸಿಗೆ ಹೋದೆ. ಹುಡುಗ ಸೊಂಟದ ಹತ್ತಿರ ಬಗ್ಗಿದ. ಗೌರವ ಅಂದುಕೊಂಡೆ. ಮೂಸಿ ನೋಡಿ, “ಸಾಂಬಾರ್ ವಾಸ್ನೆ ಬರ್ತಿದೆ ಆಂಟೀ” ಅಂದ.

ಕೊನೆಗೂ ಪರೀಕ್ಷೆ ಬಂತು. ಹೇಯಾನ್ ಶೊದಾನ್ ಕಟಾದಲ್ಲಿ 21 ಚಲನೆ. ಎಲ್ಲಿ ತಿರುಗಬೇಕೆಂದು ಹುಡುಗ ಎದುರಿನಿಂದ ಹುಬ್ಬಲ್ಲೇ ತೋರಿಸಿಕೊಡುತ್ತಿದ್ದ. ‘ಕಿಯಾಯ್’ ಅಂತ ಕಿರುಚುವ ಜಾಗದಲ್ಲಿ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ. ಪಕ್ಕದ ಅಡುಗೆಮನೆಯಲ್ಲಿ ಮಾರನೇ ದಿನದ ಮದುವೆಗೆ ತರಕಾರಿ ಹೆಚ್ಚುತ್ತಿದ್ದ ಭಟ್ಟರು ಈಳಿಗೆಮಣೆ ಬಿಟ್ಟು ಓಡಿಬಂದರು.

ಅಸಲಿ ಹಳದಿ ಬೆಲ್ಟನ್ನು ಮನೆಗೆ ತಂದು ಅತ್ತೆಯ ಮುಂದಿಟ್ಟೆ. ಕನ್ನಡಕ ಏರಿಸಿ, ಎರಡೂ ಕಡೆ ತಿರುವಿ ನೋಡಿದರು.

“ಎಷ್ಟು ಕಟ್ಟಿದೆ ಫೀಸು?”

ಹೇಳಿದೆ.

“ಅಷ್ಟು ದುಡ್ಡಿಗೆ ಎರಡು ಕೆಜಿ ಅರಿಶಿನ ಬರ್ತಿತ್ತು.”